ಖಾಲಿಗೆ ಪ್ರಮಾಣವೇನು?

ತರ್ಕಶಾಸ್ತ್ರ ಓದಿ, ಕೊನೆಗೆ ಕಾರ್ಟ್ರಿಜ್‌ಗೆ ಇಂಕು ತುಂಬುವ ಕಸುಬಿಗೆ ಬಂದವನು ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ಅರಮನೆಗೆ ಹತ್ತಿರದ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ತಿನವರೆಗೆ ಕಲಿತೆ. ಕಲಿತದ್ದಕ್ಕೆ ತಕ್ಕ ಕೆಲಸ ಸಿಗಲಿಲ್ಲ ಎಂದು ಕೊರಗುವ ಜಾಯಮಾನ ನನ್ನದಲ್ಲ. ಲಗ್ನಪತ್ರಿಕೆ, ಉಪನಯನದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ಇವನ್ನೆಲ್ಲ ತಪ್ಪಿಲ್ಲದೆ ಡಿಟಿಪಿ ಮಾಡಲು ಸಂಸ್ಕೃತ ಬಲ್ಲವನೊಬ್ಬ ಬೇಕಾಗಿದ್ದ, ಹೋಗಿ ಕೂತೆ. ಡಿಟಿಪಿಯಿಂದ ಪ್ರಿಂಟಿಗೆ, ಪ್ರಿಂಟಿನಿಂದ ರೀಫಿಲ್ಲಿಗೆ. ಈಗ ಕೋರ್ಟಿನ ಹತ್ತಿರ ಸಣ್ಣದೊಂದು ಮಳಿಗೆ ಇದೆ. ವಕೀಲರ ಗುಮಾಸ್ತರು, ಟೈಪಿಂಗ್ ಅಂಗಡಿಯವರು, ಪ್ರಾಜೆಕ್ಟ್ ರಿಪೋರ್ಟಿನ ಗಡಿಬಿಡಿಯ ಕಾಲೇಜು ಮಕ್ಕಳು, ಜಾತಕ ಬರೆದುಕೊಡುವ ಜೋಯಿಸರು, ಎಲ್ಲರೂ ಬಾಗಿಲಲ್ಲಿ ನಿಂತು ಹೇಳುವ ಮಾತು ಒಂದೇ: “ಖಾಲಿ ಆಗೋಗಿದೆ ಸ್ವಾಮಿ, ತುಂಬ್ಕೊಡಿ.”

ನಾನು ಕೇಳುವುದೂ ಒಂದೇ. “ಖಾಲಿ ಅಂತ ಯಾರು ಹೇಳಿದ್ರು?”

“ಕಂಪ್ಯೂಟರೇ ಹೇಳ್ತಲ್ಲ!”

ತಮಾಷೆಗೆ ಕೇಳುತ್ತೇನೆ ಎಂದುಕೊಳ್ಳುತ್ತಾರೆ. ಅಲ್ಲ. ಇರುವುದನ್ನು ಇದೆ ಎಂದು ತಿಳಿಯುವುದು ಹೇಗೆ ಎಂದು ಎಲ್ಲ ದೇಶದ ತತ್ವಜ್ಞಾನಿಗಳೂ ಕೇಳಿದ್ದಾರೆ. ಇಲ್ಲದ್ದನ್ನು ಇಲ್ಲ ಎಂದು ತಿಳಿಯುವುದು ಹೇಗೆ ಎಂದು ನಮ್ಮವರಷ್ಟು ತಲೆ ಕೆಡಿಸಿಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ. ತರ್ಕದ ವಿದ್ಯಾರ್ಥಿ ಮೊದಲು ಕೈಗೆತ್ತಿಕೊಳ್ಳುವುದು ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು. ಪುಟ್ಟ ಪುಸ್ತಕ, ಆದರೆ ಜಗತ್ತಿನಲ್ಲಿರುವುದನ್ನೆಲ್ಲ ಏಳು ಪದಾರ್ಥಗಳಲ್ಲಿ ಮುಗಿಸುತ್ತದೆ. ದ್ರವ್ಯ, ಗುಣ, ಕರ್ಮ ಎಂದು ಶುರುವಾಗುವ ಪಟ್ಟಿಯ ಏಳನೆಯ ಹೆಸರು ಅಭಾವ. ಇಲ್ಲದಿರುವುದನ್ನೂ ‘ಇರುವ’ ಪದಾರ್ಥಗಳ ಸಾಲಿನಲ್ಲಿ ಕೂರಿಸಿದ ಆ ಧೈರ್ಯಕ್ಕೆ ಹದಿನಾರರ ಹರೆಯದಲ್ಲಿ ನಾನು ಬೆರಗಾಗಿದ್ದೆ. ಅಭಾವದಲ್ಲೂ ನಾಲ್ಕು ಬಗೆ. ವಸ್ತು ಹುಟ್ಟುವ ಮೊದಲಿನ ಇಲ್ಲ ಪ್ರಾಗಭಾವ, ಹಾಳಾದ ಮೇಲಿನ ಇಲ್ಲ ಪ್ರಧ್ವಂಸಾಭಾವ, ಯಾವ ಕಾಲಕ್ಕೂ ಇಲ್ಲದ್ದು ಅತ್ಯಂತಾಭಾವ, ಇದು ಅದಲ್ಲ ಎನ್ನುವುದು ಅನ್ಯೋನ್ಯಾಭಾವ.

ಇದನ್ನು ಪಾಠ ಮಾಡಿದ ದಿನ ನಮ್ಮ ಗುರುಗಳು ಕುಡಿಯುವ ನೀರಿನ ತಾಮ್ರದ ಚೊಂಬನ್ನು ನೆಲದ ಮೇಲಿಟ್ಟು, ಆಮೇಲೆ ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡರು.

“ಈಗ ಏನು ಕಾಣುತ್ತೆ?”

“ನೆಲ.”

“ಚೊಂಬು ಇಲ್ಲ ಅನ್ನೋದು ಕಾಣುತ್ತೋ, ಕಾಣಲ್ವೋ?”

ಇಡೀ ತರಗತಿ ಸುಮ್ಮನಾಯಿತು. ನೈಯಾಯಿಕರನ್ನು ಕೇಳಿದರೆ ಕಾಣುತ್ತದೆ, ನೆಲವನ್ನು ಕಂಡ ಕಣ್ಣೇ ಚೊಂಬಿನ ಅಭಾವವನ್ನೂ ಕಾಣುತ್ತದೆ ಎನ್ನುತ್ತಾರೆ. ಕುಮಾರಿಲ ಭಟ್ಟನ ಕಡೆಯ ಮೀಮಾಂಸಕರು ಒಪ್ಪುವುದಿಲ್ಲ. ಕಣ್ಣಿಗೆ ಕಂಡದ್ದು ಬರಿಯ ನೆಲ. ಇಲ್ಲ ಎಂಬ ಅರಿವು ಬಂದದ್ದು ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಬೇರೆಯೇ ಪ್ರಮಾಣದಿಂದ, ಅರಿವಿನ ಬೇರೆಯೇ ಸಾಧನದಿಂದ ಎಂಬುದು ಅವರ ವಾದ. ಅದ್ವೈತಿಗಳೂ ಈ ಆರನೆಯ ಪ್ರಮಾಣವನ್ನು ಒಪ್ಪಿಕೊಂಡರು. ಪ್ರಾಭಾಕರರು ಮಾತ್ರ, ಅಭಾವವೂ ಇಲ್ಲ ಗಿಭಾವವೂ ಇಲ್ಲ, ಇರುವುದು ನೆಲವೊಂದೇ ಎಂದು ಕೈ ಝಾಡಿಸಿ ಎದ್ದುಬಿಟ್ಟರು. ಶತಮಾನಗಳ ಜಗಳ ಇದು. ಆದರೆ ಅಭಾವವನ್ನು ಒಪ್ಪುವ ಎರಡೂ ಕಡೆಯವರು ಒಂದು ಷರತ್ತನ್ನು ಮಾತ್ರ ಬಿಡುವುದಿಲ್ಲ: ಆ ವಸ್ತು ಅಲ್ಲಿ ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸ್ಥಿತಿ ಇರಬೇಕು. ಇದಕ್ಕೆ ಯೋಗ್ಯತೆ ಎಂದು ಹೆಸರು. ಕತ್ತಲೆ ಕೋಣೆಯಲ್ಲಿ ಚೊಂಬು ಕಾಣಲಿಲ್ಲ ಎಂದಮಾತ್ರಕ್ಕೆ ಚೊಂಬಿಲ್ಲ ಎನ್ನುವಂತಿಲ್ಲ. ಕಂಬದಲ್ಲಿ ಪಿಶಾಚಿ ಕಾಣಲಿಲ್ಲ ಎಂದು ಪಿಶಾಚಿ ಇಲ್ಲ ಎನ್ನುವಂತೆಯೂ ಇಲ್ಲ, ಏಕೆಂದರೆ ಪಿಶಾಚಿ ಇದ್ದರೂ ಕಾಣುವ ಜಾತಿಯದಲ್ಲ.

ಕಪ್ಪು ಪ್ಲಾಸ್ಟಿಕ್ಕಿನಿಂದ ಮುಚ್ಚಿದ ಕಾರ್ಟ್ರಿಜ್ ಈ ಪಿಶಾಚಿಯ ಕಂಬವೇ. ಒಳಗೆ ಇಂಕು ಇದ್ದರೂ ಕಾಣದು, ಇಲ್ಲದಿದ್ದರೂ ಕಾಣದು. ಹೀಗಿದ್ದೂ ಪರದೆಯ ಮೇಲೆ ‘ಖಾಲಿ’ ಎಂಬ ಅಕ್ಷರ ಮೂಡಿದರೆ ಸಾಕು, ಜನ ಪರ್ಸು ತೆಗೆಯುತ್ತಾರೆ.

ಮೊದಲು ಹೀಗಿರಲಿಲ್ಲ. ಕೋರ್ಟಿನ ಸುತ್ತಲಿನ ಬದುಕೆಲ್ಲ ನಡೆದದ್ದು ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ 1020 ಎಂಬ ಎರಡು ಲೇಸರ್ ಯಂತ್ರಗಳ ಮೇಲೆ. ಅವಕ್ಕೆ ಹಾಕುವ ಕಾರ್ಟ್ರಿಜ್‌ನ ಹೆಸರು ಬೇರೆ ಬೇರೆ, ಹೊಟ್ಟೆ ಒಂದೇ. ಊರಿಗೆಲ್ಲ ಅದು ‘ಟ್ವೆಲ್ವ್ ಎ’. ಎರಡು ಸಾವಿರ ಪುಟ ಬರುತ್ತದೆ ಎಂದು ಕಂಪನಿ ಹೇಳುವುದು ಪುಟದ ನೂರಕ್ಕೆ ಐದರಷ್ಟು ಜಾಗ ಮಾತ್ರ ಕಪ್ಪಾದರೆ. (ಅಂದರೆ ನೂರಕ್ಕೆ ತೊಂಬತ್ತೈದರಷ್ಟು ಅಭಾವವನ್ನೇ ನಾವು ಪ್ರಿಂಟ್ ಹಾಕಿಸುವುದು. ಮೇಲುಗಡೆ ಗಣಪತಿ, ಸುತ್ತ ಬಾರ್ಡರು ಇರುವ ಲಗ್ನಪತ್ರಿಕೆಗೆ ಈ ಲೆಕ್ಕ ನಡೆಯುವುದಿಲ್ಲ.) ಈ ಟ್ವೆಲ್ವ್ ಎಯಲ್ಲಿ ಚಿಪ್ಪಿರಲಿಲ್ಲ. ಟೋನರ್ ಪುಡಿ ಮುಗಿಯುತ್ತ ಬಂತೆಂದರೆ ಅಕ್ಷರವೇ ಹೇಳುತ್ತಿತ್ತು. ಪುಟದ ನಡುವೆ ಮೇಲಿಂದ ಕೆಳಗೆ ಒಂದು ಪಟ್ಟೆ ಮಾಸಿದಂತೆ ಬರುವುದು. ಗುಮಾಸ್ತರು ಕಾರ್ಟ್ರಿಜ್ ಹೊರಗೆಳೆದು, ಎಡಕ್ಕೂ ಬಲಕ್ಕೂ ಚೆನ್ನಾಗಿ ಅಲ್ಲಾಡಿಸಿ ಮತ್ತೆ ತೂರಿಸಿದರೆ ಇನ್ನೊಂದು ಅಫಿಡವಿಟ್ ಸಲೀಸಾಗಿ ಬರುತ್ತಿತ್ತು. ಅದೂ ಮುಗಿದ ಮೇಲೆ ನಮ್ಮಲ್ಲಿಗೆ. ಪಿನ್ನು ತಳ್ಳಿ ಎರಡು ಹೋಳು ಮಾಡುವುದು, ಒಂದು ಹೋಳಿನಲ್ಲಿ ಶೇಖರವಾದ ವೇಸ್ಟ್ ಟೋನರ್ ಚೆಲ್ಲುವುದು, ವೈಪರ್ ಬ್ಲೇಡ್ ಒರೆಸುವುದು, ಇನ್ನೊಂದು ಹೋಳಿಗೆ ನೂರು ಗ್ರಾಂ ಹತ್ತಿರ ಪುಡಿ ಸುರಿಯುವುದು. ಪುಡಿ, ಡ್ರಮ್ಮು, ರೋಲರ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರುತ್ತದೆ. ಹೊಸ ಕಾರ್ಟ್ರಿಜ್‌ನ ಬೆಲೆಯ ಹತ್ತನೇ ಒಂದು ಪಾಲೂ ನಾನು ತೆಗೆದುಕೊಳ್ಳುವುದಿಲ್ಲ. ಹಾಗೆಂದು ಇದು ಅನಂತವಾಗಿ ನಡೆಯುವ ವ್ಯವಹಾರವೂ ಅಲ್ಲ. ಕೆಲವು ಸಲ ತುಂಬಿದ ಮೇಲೆ ಡ್ರಮ್ಮಿನ ಮೈ ಸವೆದು, ಪುಟದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಅದು ನಿಜವಾದ ಪ್ರಧ್ವಂಸ. ಅದಕ್ಕೆ ಪುಡಿ ಸುರಿದು ಪ್ರಯೋಜನವಿಲ್ಲ, ಡ್ರಮ್ಮೇ ಬದಲಾಯಿಸಬೇಕು.

ಚಿಪ್ಪು ಬಂದ ಮೇಲೆ ನೋಡುವ ಕೆಲಸ ನಿಂತು ಎಣಿಸುವ ಕೆಲಸ ಶುರುವಾಯಿತು. ಬಹಳಷ್ಟು ಇಂಕ್‌ಜೆಟ್ ಯಂತ್ರಗಳು ಇಂಕಿನ ಮಟ್ಟವನ್ನು ಅಳೆಯುವುದೇ ಇಲ್ಲ. ಎಷ್ಟು ಹನಿ ಹಾರಿಸಿದೆ ಎಂದು ಲೆಕ್ಕವಿಡುತ್ತವೆ; ತುಂಬಿದಾಗ ಇಷ್ಟಿತ್ತು, ಹಾರಿಸಿದ್ದು ಇಷ್ಟು, ಉಳಿದದ್ದು ಇಷ್ಟಿರಬೇಕು ಎಂದು ಕಳೆಯುತ್ತವೆ. ಇದು ಪ್ರತ್ಯಕ್ಷವಲ್ಲ, ತರ್ಕದವರ ಮಾತಿನಲ್ಲಿ ಅನುಮಾನ, ಅಂದರೆ ಗೊತ್ತಿರುವುದರಿಂದ ಕಾಣದ್ದನ್ನು ಊಹಿಸುವುದು. ಬ್ರದರ್ ಕಂಪನಿಯ ಹಳೆಯ ಕೆಲವು ಲೇಸರ್ ಯಂತ್ರಗಳು ಮಾತ್ರ ನಿಜಕ್ಕೂ ನೋಡುತ್ತಿದ್ದವು. ಟೋನರ್ ಡಬ್ಬಿಯ ಎರಡೂ ಬದಿಗೆ ಗಾಜಿನಂಥ ಪುಟ್ಟ ಕಿಟಕಿ. ಒಂದು ಕಡೆಯ ಬೆಳಕು ಇನ್ನೊಂದು ಕಡೆಗೆ ದಾಟಿತೆಂದರೆ ಪುಡಿ ಮುಗಿದಿದೆ ಎಂದರ್ಥ. ಜನ ಬಿಡುತ್ತಾರೆಯೇ? ಕಿಟಕಿಗೆ ಕಪ್ಪು ಟೇಪು ಅಂಟಿಸಿದರು, ಯಂತ್ರ ಡಬ್ಬಿ ತುಂಬಿದೆ ಎಂದುಕೊಂಡು ಕೊನೆಯ ಕಣದವರೆಗೂ ಪ್ರಿಂಟ್ ಕೊಟ್ಟಿತು. ಹಗ್ಗವನ್ನು ಹಾವೆಂದು ಭ್ರಮಿಸುವುದು ಮನುಷ್ಯರಿಗಷ್ಟೇ ಮೀಸಲಲ್ಲ.

ಮೂರು ಬಣ್ಣದ ಕಾರ್ಟ್ರಿಜ್‌ನದು ಇನ್ನೂ ರಸವತ್ತಾದ ಕಥೆ. ಒಂದೇ ಡಬ್ಬಿ, ಒಳಗೆ ಮೂರು ಕೋಣೆ, ಮೂರರಲ್ಲೂ ಸ್ಪಂಜು; ಒಂದರಲ್ಲಿ ನೀಲಿ, ಒಂದರಲ್ಲಿ ಕೆನ್ನೇರಳೆಯಂಥ ಕೆಂಪು, ಒಂದರಲ್ಲಿ ಹಳದಿ. ಅರಿಶಿನ ಬಣ್ಣದ ಹಿನ್ನೆಲೆಯ ಕರೆಯೋಲೆ ಹೊಡೆದರೆ ಹಳದಿಯೊಂದೇ ಬೇಗ ತೀರುತ್ತದೆ. ಆಗ ಇಡೀ ಕಾರ್ಟ್ರಿಜ್ ಖಾಲಿ, ಬಿಸಾಡಿ ಎಂಬ ಸೂಚನೆ. ನವ್ಯನ್ಯಾಯದವರು ಉಭಯಾಭಾವ ಎಂಬುದೊಂದನ್ನು ಹೇಳುತ್ತಾರೆ. ನೆಲದ ಮೇಲೆ ಗಡಿಗೆ ಇದೆ, ಬಟ್ಟೆ ಇಲ್ಲ ಎಂದುಕೊಳ್ಳಿ. ‘ಗಡಿಗೆ, ಬಟ್ಟೆ ಎರಡೂ ಇಲ್ಲ’ ಎಂದರೆ ಒಂದರ್ಥದಲ್ಲಿ ಸರಿಯೇ, ಎರಡು ಒಟ್ಟಿಗೆ ಇಲ್ಲವಲ್ಲ. ಆದರೆ ಆ ಮಾತು ಹಿಡಿದುಕೊಂಡು ಗಡಿಗೆಯೂ ಇಲ್ಲ ಎಂದು ಸಾಧಿಸಲು ಹೊರಟರೆ ಪಾಠಶಾಲೆಯಲ್ಲಿ ಕಿವಿ ಹಿಂಡುತ್ತಿದ್ದರು. ಮೂರೂ ಒಟ್ಟಿಗಿಲ್ಲ ಎಂಬ ಸತ್ಯವನ್ನು ಮೂರರಲ್ಲಿ ಯಾವುದೂ ಇಲ್ಲ ಎಂಬ ಸುಳ್ಳಾಗಿ ತಿರುಗಿಸಿ ಡಬ್ಬಿ ಮಾರುವವರ ಕಿವಿ ಹಿಂಡುವವರು ಯಾರೂ ಇಲ್ಲ. ಲೇಬಲ್ ಕಿತ್ತರೆ ಕೆಳಗೆ ಮೂರು ತೂತು ಕಾಣುತ್ತದೆ. ಹಳದಿಯದನ್ನು ಹುಡುಕಿ, ಸಿರಿಂಜಿನ ಸೂಜಿಯನ್ನು ಸ್ಪಂಜಿನೊಳಕ್ಕೆ ಇಳಿಸಿ, ಅವಸರಪಡದೆ ತಳ್ಳಬೇಕು. ಅವಸರಪಟ್ಟರೆ ಪಕ್ಕದ ಕೋಣೆಗೆ ಉಕ್ಕಿ ಹಸಿರಾಗುತ್ತದೆ. ತೂತಿನ ಬಾಯಲ್ಲಿ ಇಂಕು ಮಿನುಗಿದ ಕೂಡಲೇ ನಿಲ್ಲಿಸಿ, ಕೆಳಗಿನ ನಾಝಲ್ ಅನ್ನು ಟಿಶ್ಯೂ ಮೇಲೆ ಒತ್ತಿದರೆ ಮೂರು ಬಣ್ಣದ ಮೂರು ಗೆರೆ ಮೂಡುತ್ತವೆ. ಅದನ್ನು ಗಿರಾಕಿಗೆ ತೋರಿಸುತ್ತೇನೆ.

ಇಷ್ಟಾದ ಮೇಲೂ ಯಂತ್ರ ‘ಖಾಲಿ’ ಎನ್ನುವುದನ್ನು ಬಿಡುವುದಿಲ್ಲ, ಏಕೆಂದರೆ ತುಂಬಿದ್ದು ಅದರ ಲೆಕ್ಕಕ್ಕೆ ಬಂದಿಲ್ಲ. ವಸ್ತು, ಅದರ ಅಭಾವ ಎರಡೂ ಒಂದೇ ಜಾಗದಲ್ಲಿ ಒಂದೇ ಕಾಲಕ್ಕೆ ಇರಲಾರವು ಎಂಬುದು ತರ್ಕದ ಮೊದಲ ಪಾಠ. ಅದನ್ನೂ ಸುಳ್ಳು ಮಾಡಿದ ಕೀರ್ತಿ ಈ ಡಬ್ಬಿಗೆ ಸಲ್ಲಬೇಕು. ಕ್ಯಾನನ್‌ನ ಕೆಲವು ಯಂತ್ರಗಳಲ್ಲಿ ನಿಲ್ಲಿಸುವ ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿದರೆ ಇಂಕಿನ ಲೆಕ್ಕ ಇಡುವುದನ್ನು ಅದು ಬಿಡುತ್ತದೆ. ಹಾಗೆ ಒತ್ತುವುದೆಂದರೆ, ಇನ್ನು ಮೇಲೆ ಇದೆಯೋ ಇಲ್ಲವೋ ನೋಡಿಕೊಳ್ಳುವ ಹೊಣೆ ನನ್ನದು ಎಂದು ಬರೆದುಕೊಟ್ಟಂತೆ. ಗಿರಾಕಿಯ ಕೈಯಿಂದಲೇ ಒತ್ತಿಸುತ್ತೇನೆ.

ನನ್ನ ಮೇಜಿನ ಮೇಲೆ ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ತುಂಬುವ ಮುಂಚೆ ತೂಗುತ್ತೇನೆ, ತುಂಬಿದ ಮೇಲೆ ತೂಗುತ್ತೇನೆ. ನಿವೃತ್ತರಾದ ಗುರುಗಳು ತಮ್ಮ ಟಿಪ್ಪಣಿಗಳನ್ನು ಪ್ರಿಂಟ್ ಹಾಕಿಸಲು ಆಗಾಗ ಬರುತ್ತಾರೆ. ಒಮ್ಮೆ ಈ ತೂಕದ ಆಟ ನೋಡುತ್ತ ಕೂತಿದ್ದವರು, ನಾನು ನಿರೀಕ್ಷಿಸದ ಜಾಗದಲ್ಲಿ ಹಿಡಿದರು.

“ಏನಯ್ಯಾ, ತೂಕ ನೋಡಿ ಇಂಕು ಇದೆ ಅಂತೀಯ. ಇದೂ ಅನುಮಾನವೇ ಅಲ್ವೆ? ಚಿಪ್ಪು ಎಣಿಸಿ ಊಹೆ ಮಾಡುತ್ತೆ, ನೀನು ತೂಗಿ ಊಹೆ ಮಾಡ್ತೀಯ. ಯಾವುದರಲ್ಲಿ ನೀನು ಹೆಚ್ಚು?”

“ನನ್ನ ವ್ಯಾಪ್ತಿ ಪರೀಕ್ಷೆಗೆ ಸಿಗುತ್ತೆ ಗುರುಗಳೇ. ಬೇಕಾದ್ರೆ ಈಗಲೇ ಬಿಚ್ಚಿ ತೋರಿಸ್ತೀನಿ, ಭಾರ ಇದ್ದಲ್ಲೆಲ್ಲ ಇಂಕಿದೆಯೋ ಇಲ್ವೋ ಅಂತ. ಹೊಗೆ ಇದ್ದ ಕಡೆ ಬೆಂಕಿ ಇದೆ ಅನ್ನೋದನ್ನ ನಾವು ಅಡುಗೆಮನೆಯಲ್ಲಿ ನೋಡಿ ಕಲಿತ್ವಿ. ಚಿಪ್ಪಿನವರು ತಮ್ಮ ಅಡುಗೆಮನೆಯೊಳಕ್ಕೆ ಯಾರನ್ನೂ ಬಿಡೋದಿಲ್ಲವಲ್ಲ.”

“ಹಾಗಿದ್ರೆ ಚಿಪ್ಪಿನ ಮಾತನ್ನ ನೀನು ಅನುಮಾನ ಅನ್ನಬಾರದು. ನಿನಗೆ ಹೊಗೆಯಂಥ ಲಿಂಗವೂ ಗೊತ್ತಿಲ್ಲ, ಹೊಗೆ ಇದ್ದಲ್ಲಿ ಬೆಂಕಿ ಎನ್ನುವಂಥ ವ್ಯಾಪ್ತಿಯೂ ಗೊತ್ತಿಲ್ಲ. ನಿನ್ನ ಮಟ್ಟಿಗೆ ಅದು ಶಬ್ದಪ್ರಮಾಣ. ಯಾರೋ ಹೇಳಿದರು, ನೀನು ನಂಬಬೇಕು. ಹೇಳಿದವನು ಆಪ್ತನೋ ಅಲ್ವೋ, ಅಷ್ಟೇ ಪ್ರಶ್ನೆ.”

“ಕಾರ್ಟ್ರಿಜ್ ಮಾರಿ ಬದುಕೋನು ಕಾರ್ಟ್ರಿಜ್ ಮುಗೀತು ಅಂತಾನೆ. ಆಪ್ತ ಹೇಗಾಗ್ತಾನೆ?”

“ತುಂಬಿ ಬದುಕೋನು ನೀನು, ಇನ್ನೂ ತುಂಬಬಹುದು ಅಂತೀಯ. ನೀನು ಹೇಗಾಗ್ತೀಯ?”

ಇದಕ್ಕೆ ನನ್ನಲ್ಲಿರುವ ಉತ್ತರ ಮಾತಿನದಲ್ಲ, ರೂಢಿಯದು. ತುಂಬುವ ಕೆಲಸವನ್ನು ಒಳಕೋಣೆಯಲ್ಲಿ ಮಾಡುವುದಿಲ್ಲ. ಮೇಜು ಬಾಗಿಲಲ್ಲೇ ಇದೆ, ಗಿರಾಕಿ ಎದುರಿಗೇ ನಿಂತಿರುತ್ತಾನೆ, ತಕ್ಕಡಿಯ ಅಂಕಿ ಅವನ ಕಡೆಗೆ ತಿರುಗಿರುತ್ತದೆ. ಆಪ್ತನೆಂದು ಹೇಳಿಕೊಳ್ಳುವುದಕ್ಕಿಂತ, ನನ್ನನ್ನು ನಂಬುವ ಅಗತ್ಯವೇ ಬೀಳದಂತೆ ಕೆಲಸ ಮಾಡುವುದು ಸುಲಭ.

ಗುರುಗಳ ಮಾತಿಗೆ ಒಂದು ಪೂರ್ವಪಕ್ಷವನ್ನು ನಾನೇ ಸೇರಿಸಬೇಕು, ಇಲ್ಲದಿದ್ದರೆ ವಾದ ಗೆಲ್ಲುವುದಕ್ಕಷ್ಟೇ ಮಾಡುವ ಜಲ್ಪವಾಗುತ್ತದೆ. ಎಣಿಸುವುದೆಲ್ಲ ಮೋಸವಲ್ಲ. ಅದಕ್ಕೆ ಕಾರಣ ಯಂತ್ರದ ಹುಟ್ಟಿನಲ್ಲೇ ಇದೆ. ಕ್ಯಾನನ್‌ನವರು ಹೇಳುವ ಪ್ರಕಾರ, 1977ರಲ್ಲಿ ಅವರ ಎಂಜಿನಿಯರ್ ಇಚಿರೊ ಎಂಡೊ ಅವರ ಪ್ರಯೋಗಶಾಲೆಯಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿ ಅಕಸ್ಮಾತ್ತಾಗಿ ಇಂಕು ತುಂಬಿದ ಸಿರಿಂಜಿನ ಸೂಜಿಗೆ ತಗುಲಿತು, ಸೂಜಿಯ ತುದಿಯಿಂದ ಇಂಕು ಚಿಮ್ಮಿತು. ಅಲ್ಲಿಂದ ಹುಟ್ಟಿದ್ದು ಬಬಲ್‌ಜೆಟ್. ಯಾವ ಸಿರಿಂಜಿನಿಂದ ಈ ಯಂತ್ರ ಹುಟ್ಟಿತೋ ಅದೇ ಸಿರಿಂಜು ಹಿಡಿದು ನಾವು ಕಂಪನಿಯವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇವೆ ಎಂದು ನನ್ನ ಅಂಗಡಿ ಹುಡುಗ ನಗುತ್ತಾನೆ. ಇರಲಿ. ಈ ಬಗೆಯ ಹೆಡ್ಡಿನಲ್ಲಿ ಕೂದಲಿಗಿಂತ ಸಣ್ಣ ತೂತಿನ ಹಿಂದೆ ಬಿಸಿಯಾಗುವ ತುಣುಕು ಇರುತ್ತದೆ. ರೆಪ್ಪೆ ಮಿಟುಕಿಸುವುದರೊಳಗೆ 300 ಡಿಗ್ರಿ ದಾಟಿ ಗುಳ್ಳೆ ಎಬ್ಬಿಸುತ್ತದೆ. ಅದನ್ನು ತಣ್ಣಗಿಡುವುದೂ ಇಂಕೇ. ಪೂರ್ತಿ ಒಣಗಿದ ಮೇಲೂ ಪ್ರಿಂಟ್ ಕೊಡುತ್ತಲೇ ಹೋದರೆ ಹೆಡ್ಡು ಸುಟ್ಟು ಕಾರ್ಟ್ರಿಜ್ ಮತ್ತೆ ತುಂಬಲಿಕ್ಕೂ ಬಾರದಂತಾಗುತ್ತದೆ. ಆದ್ದರಿಂದ ಸ್ವಲ್ಪ ಉಳಿದಿರುವಾಗಲೇ ‘ಸಾಕು’ ಎನ್ನುವುದು ವಿವೇಕ. ‘ಸಾಕು’ ಎಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ‘ಇಲ್ಲ’ ಎನ್ನುವುದೇಕೆ?

ಯಂತ್ರ ತಾನೇ ಕುಡಿಯುವುದೂ ಉಂಟು. ಹೆಡ್ ಕ್ಲೀನಿಂಗ್ ಎಂದು ಒತ್ತಿದಾಗಲೆಲ್ಲ ಇಂಕು ಪುಟಕ್ಕೆ ಬರುವುದಿಲ್ಲ, ತಳದಲ್ಲಿರುವ ವೇಸ್ಟ್ ಪ್ಯಾಡಿಗೆ ಇಳಿಯುತ್ತದೆ. ಎಷ್ಟೋ ಯಂತ್ರಗಳನ್ನು ಬಿಚ್ಚಿದಾಗ ಆ ಪ್ಯಾಡು ಒದ್ದೆ ಕಂಬಳಿಯಂತೆ ಕೈಗೆ ಬರುತ್ತದೆ. ಇದಕ್ಕೆ ಹೊಂದುವ ಹಳೆಯ ಮಾತೊಂದು ನಮ್ಮೂರಿನಲ್ಲೇ ಸಿಕ್ಕಿದೆ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದದ್ದು. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಅಲ್ಲಿ ಕಂಡು, 1909ರಲ್ಲಿ ಅಚ್ಚು ಹಾಕಿಸಿದರು. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತೆಂದು ಹೇಗೆ ತಿಳಿಯಲಾಗದೋ ಹಾಗೆ ಖಜಾನೆಯ ಅಧಿಕಾರಿ ಯಾವಾಗ ಹಣ ನುಂಗಿದನೆಂದು ತಿಳಿಯಲಾಗದು ಎಂಬ ಅಭಿಪ್ರಾಯ ಆ ಗ್ರಂಥದಲ್ಲಿ ಬರುತ್ತದೆ. ಇಂಕಿನ ನಡುವೆಯೇ ವಾಸಿಸುವ ಯಂತ್ರದ ಬಗ್ಗೆ ಇದಕ್ಕಿಂತ ಬೇರೆ ಭಾಷ್ಯ ಬೇಡ.

ಓಲೆಗರಿ ಎಂದ ಮೇಲೆ ಇನ್ನೊಂದು ಮಾತು. ಓಲೆಗರಿಯಲ್ಲಿ ಮೊದಲು ಕಂಠವೆಂಬ ಚೂಪು ಲೇಖನಿಯಿಂದ ಅಕ್ಷರ ಕೊರೆಯುತ್ತಾರೆ. ಮಸಿ ಹಚ್ಚುವುದು ಆಮೇಲೆ. ಕಾಲ ಕಳೆದಂತೆ ಮಸಿ ಹೋಗುತ್ತದೆ, ಗರಿ ಬರಿದಾದಂತೆ ಕಾಣುತ್ತದೆ. ಬಲ್ಲವರು ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದರೆ ಕೊರೆದ ಗೀರುಗಳಲ್ಲಿ ಮಸಿ ನಿಂತು ಅಕ್ಷರಗಳೆಲ್ಲ ಎದ್ದು ಬರುತ್ತವೆ. ಓದಲಾಗದ್ದನ್ನು ‘ಇಲ್ಲ’ ಎಂದು ಬಿಸಾಡಿದ್ದರೆ ನಮ್ಮ ಅರ್ಧ ಶಾಸ್ತ್ರ ಒಲೆಗೆ ಹೋಗುತ್ತಿತ್ತು. ಇನ್ನು ಶಾಯಿಯ ವಿಷಯಕ್ಕೆ ಮೈಸೂರಿಗೆ ಬೇರೊಂದು ಹೆಮ್ಮೆಯೂ ಇದೆ: 1962ರ ಚುನಾವಣೆಯಿಂದ ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲಿನ ಬಣ್ಣದ ಕಾರ್ಖಾನೆಯಲ್ಲಿ. ಅಲ್ಲಿ ಶಾಯಿ ಇದ್ದರೆ ಹಕ್ಕು ಮುಗಿದಿದೆ ಎಂದರ್ಥ. ಒಂದರ ಇರುವಿಕೆ ಇನ್ನೊಂದರ ಇಲ್ಲದಿರುವಿಕೆಗೆ ಗುರುತು.

ಜೋಯಿಸರು ನನ್ನ ಖಾಯಂ ಗಿರಾಕಿ. ಸಾಫ್ಟ್‌ವೇರಿನಲ್ಲಿ ಜಾತಕ ತೆಗೆದು, ದಶಾಭುಕ್ತಿಯ ಕೋಷ್ಟಕಗಳನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿ ಕೊಡುತ್ತಾರೆ. ಒಳ್ಳೆಯ ಮನುಷ್ಯ. ಒಂದು ದಿನ ಯಾರಿಗೋ ಫೋನಿನಲ್ಲಿ “ಪೂರ್ವಪುಣ್ಯ ತೀರಿದೆಯಮ್ಮ, ಅದಕ್ಕೇ ಈ ಕಷ್ಟ” ಎನ್ನುತ್ತಿದ್ದರು. ಫೋನಿಟ್ಟ ಮೇಲೆ ನಾನು ನನ್ನ ಹಳೆಯ ಪ್ರಶ್ನೆ ಕೇಳಿಬಿಟ್ಟೆ. ತೀರಿದೆ ಅಂತ ಯಾರು ನೋಡಿದ್ರು ಜೋಯಿಸರೇ?

“ಲೆಕ್ಕ ಇದೆಯಲ್ರೀ. ಚಿತ್ರಗುಪ್ತನ ಪುಸ್ತಕ ಏನು ಸುಮ್ಮನೆಯೇ?”

ನನ್ನ ತೊಡಕು ಅಲ್ಲೇ ಇರುವುದು. ಎಣಿಸಬೇಕಾದ ಗತಿ ಬರುವುದು ಒಳಗೆ ಇಣುಕಲಾರದವನಿಗೆ. ಯಜಮಾನ ಊರಿನಲ್ಲಿಲ್ಲದಿದ್ದರೆ ಗುಮಾಸ್ತನ ಖಾತೆ ಬೇಕು. ಕಣಜದ ಬಾಯಲ್ಲೇ ನಿಂತವನಿಗೆ ಯಾಕೆ? ದೇವರು ಎಲ್ಲ ಕಡೆ ಇದ್ದಾನೆ ಎನ್ನುತ್ತೇವೆ, ಅವನ ಆಡಳಿತದಲ್ಲಿ ಒಬ್ಬ ಲೆಕ್ಕಿಗನನ್ನೂ ಇಡುತ್ತೇವೆ. ಎರಡೂ ಹೇಗೆ ಹೊಂದುತ್ತವೆ? ಭಾಗವತದ ಆರನೆಯ ಸ್ಕಂಧದಲ್ಲಿ ಅಜಾಮಿಳನ ಪಾಪದ ಲೆಕ್ಕ ಹಿಡಿದು ಬಂದ ಯಮದೂತರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಕಥೆ ಕಟ್ಟಿದವರಿಗೂ ಈ ಲೆಕ್ಕದ ಮೇಲೆ ಪೂರ್ತಿ ಭರವಸೆ ಇರಲಿಲ್ಲವೆಂದೇ ನನ್ನ ಗುಮಾನಿ.

ಅದಕ್ಕಿಂತ ನನಗೆ ಹತ್ತಿರದ್ದು ಅಕ್ಷಯಪಾತ್ರೆಯ ಕಥೆ. ಸೂರ್ಯ ಕೊಟ್ಟ ಪಾತ್ರೆ. ದಿನವೂ ದ್ರೌಪದಿ ಉಣ್ಣುವವರೆಗೆ ಎಷ್ಟು ಜನಕ್ಕಾದರೂ ಅನ್ನ ಕೊಡುತ್ತದೆ, ಅವಳ ಊಟವಾದರೆ ಆ ದಿನಕ್ಕೆ ಮುಗಿಯಿತು. ದುರ್ವಾಸರು ಶಿಷ್ಯರ ಹಿಂಡಿನೊಂದಿಗೆ ಬಂದದ್ದು ಅವಳ ಊಟವಾದ ಮೇಲೆ. ಅವರು ಸ್ನಾನಕ್ಕೆ ಹೋದಾಗ ಅವಳು ಕೃಷ್ಣನನ್ನು ನೆನೆದಳು. ಬಂದವನು ತಾನೂ ಹಸಿದಿದ್ದೇನೆ ಎಂದ. ಏನೂ ಇಲ್ಲ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ನಿಯಮ ಗೊತ್ತಿತ್ತು, ಉಂಡದ್ದು ಗೊತ್ತಿತ್ತು, ಅವೆರಡರಿಂದ ಪಾತ್ರೆ ಬರಿದು ಎಂದು ತೀರ್ಮಾನಿಸಿದಳು. ಚಿಪ್ಪು ಮಾಡುವುದೂ ಇದನ್ನೇ. ಕೃಷ್ಣ ಅವಳೊಡನೆ ವಾದಕ್ಕಿಳಿಯಲಿಲ್ಲ, ಪಾತ್ರೆ ತಾ ಎಂದ. ಅದರ ಕಂಠದಲ್ಲಿ ಅಂಟಿಕೊಂಡಿದ್ದ ಒಂದಿಷ್ಟು ಸೊಪ್ಪನ್ನು ತೆಗೆದು ತಿಂದ. ಆ ಕಡೆ ಹೊಳೆಯಲ್ಲಿದ್ದ ಋಷಿಗಳಿಗೆ ಹೊಟ್ಟೆ ತುಂಬಿ ತೇಗು ಬಂದದ್ದು ಪವಾಡ, ಹರಿಕಥೆಯವರು ಅದನ್ನೇ ಹಿಗ್ಗಿಸಿ ಹೇಳುತ್ತಾರೆ. ನನ್ನ ಮಟ್ಟಿಗೆ ಪವಾಡ ಅದಕ್ಕಿಂತ ಮೊದಲೇ ಆಗಿಹೋಗಿದೆ: ಪಾತ್ರೆ ತರಿಸಿ ನೋಡಿದನಲ್ಲ, ಅಲ್ಲಿ.

ಜೋಯಿಸರು ಸುಮ್ಮನೆ ಸೋಲುವವರಲ್ಲ. ಎರಡು ದಿನ ಬಿಟ್ಟು ಬಂದವರು ಕುರ್ಚಿಯಲ್ಲಿ ಕೂರುತ್ತಲೇ ಹೇಳಿದರು: “ಆ ಲೆಕ್ಕ ಅವನಿಗೆ ಬೇಕು ಅಂತ ಯಾರು ಹೇಳಿದ್ರು ನಿಮಗೆ? ಲೆಕ್ಕ ಇಡೋದು ನಮಗೆ ತೋರಿಸೋದಕ್ಕೆ. ನೀವು ತಕ್ಕಡಿ ಗಿರಾಕಿ ಕಡೆ ತಿರುಗಿಸಿ ಇಡ್ತೀರಲ್ಲ, ಹಾಗೆ.” ನನ್ನ ಬಾಣವನ್ನೇ ನನಗೆ ಬಿಟ್ಟಿದ್ದರು. ಇದಕ್ಕೆ ಸರಿಯಾದ ಖಂಡನೆ ಈವರೆಗೆ ಹೊಳೆದಿಲ್ಲ. ಒಂದೇ ಆಕ್ಷೇಪ: ಆ ಪುಸ್ತಕವನ್ನು ಬದುಕಿರುವಾಗ ತೋರಿಸಿದ್ದರೆ ಚೆನ್ನಾಗಿತ್ತು.

ಈಚೆಗೆ ಟ್ಯಾಂಕಿನ ಪ್ರಿಂಟರುಗಳು ಬಂದಿವೆ. ಪಕ್ಕದಲ್ಲಿ ಪಾರದರ್ಶಕ ಡಬ್ಬಿಗಳು, ಬಾಟಲಿಯಿಂದ ಮನೆಯವರೇ ಸುರಿದುಕೊಳ್ಳಬಹುದು. ಎಪ್ಸನ್‌ನ 003 ಎಂಬ ಕಪ್ಪು ಇಂಕಿನ 65 ಮಿಲಿಲೀಟರ್ ಬಾಟಲಿಗೆ 4,500 ಪುಟ ಎನ್ನುತ್ತಾರೆ. ಮೀಮಾಂಸಕರು ಕೇಳಿದ ಯೋಗ್ಯತೆ ಇದರಲ್ಲಿದೆ. ಇದ್ದರೆ ಕಾಣುತ್ತದೆ, ಕಾಣದಿದ್ದರೆ ಇಲ್ಲ. ತರ್ಕ ಓದಿದವನಾಗಿ ನನಗೆ ಸಂತೋಷ. ಅಂಗಡಿಯವನಾಗಿ ಅಷ್ಟೇನೂ ಇಲ್ಲ, ರೀಫಿಲ್ಲಿಗೆ ಬರುವವರು ಕಡಿಮೆಯಾದರು. ಅದಕ್ಕಿಂತ ವಿಚಿತ್ರವೆಂದರೆ, ಇಂಕು ಅಗ್ಗವಾದ ಮೇಲೆ ಜನ ಪ್ರಿಂಟ್ ಹಾಕುವುದಕ್ಕೆ ಮಿತಿಯೇ ಇಲ್ಲದಂತಾಯಿತು. ವಾಟ್ಸಾಪಿನಲ್ಲಿ ಬಂದ ಶುಭೋದಯದ ದೇವರ ಚಿತ್ರವನ್ನೂ ಕಲರ್ ಪ್ರಿಂಟ್ ತೆಗೆಯುತ್ತಾರೆ. ಉಳಿತಾಯ ಎಲ್ಲಿಗೆ ಹೋಯಿತು? ಶರಣರ ಕಥೆಯೊಂದು ನೆನಪಾಗುತ್ತದೆ: ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ನೋಡಿದ ಕೂಡಲೇ ಗುರುತಿಸಿ, ಇದು ನಮ್ಮದಲ್ಲ, ಸುರಿದು ಬಾ ಎಂದು ವಾಪಸು ಕಳಿಸಿದಳಂತೆ. ಬಿಸಾಡಿದ್ದರಲ್ಲಿ ಆಯ್ದುಕೊಳ್ಳುವ ಕಸುಬು ಆ ದಂಪತಿಯದೂ ಹೌದು, ನನ್ನದೂ ಹೌದು. ಆದರೆ ‘ಇಲ್ಲ’ವನ್ನು ಪರೀಕ್ಷಿಸುವ ತಕ್ಕಡಿ ನನ್ನಲ್ಲಿದೆ, ‘ಹೆಚ್ಚಾಯಿತು’ ಎಂಬುದನ್ನು ಹಿಡಿಯುವ ಕಣ್ಣು ಇನ್ನೂ ಬಂದಿಲ್ಲ. ಟ್ಯಾಂಕಿನ ಮೇಲೆ ಗೆರೆ ಎಳೆದು ಇಷ್ಟೇ ಸಾಕು ಎನ್ನುವ ಅಂಗಡಿಯವನನ್ನು ಯಾರೂ ಕಂಡಿಲ್ಲ, ನಾನೂ ಹಾಗೆ ಹೇಳುವುದಿಲ್ಲ.

ತುಂಬಿ ಕೊಡುವುದು ಕಳ್ಳತನವಲ್ಲವೇ ಎಂದು ಕೇಳಿದವರೂ ಇದ್ದಾರೆ. ಈ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಲೆಕ್ಸ್‌ಮಾರ್ಕ್ ಕಂಪನಿ ಒಮ್ಮೆ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ ಕಾರ್ಟ್ರಿಜ್‌ಗಳನ್ನು ಕಡಿಮೆ ಬೆಲೆಗೆ ಮಾರುತ್ತಿತ್ತು. ಅವನ್ನು ತುಂಬಿ ಮರುಮಾರಾಟ ಮಾಡಿದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯ ಮೇಲೆ ಪೇಟೆಂಟ್ ದಾವೆ ಹೂಡಿತು. 2017ರ ಮೇ 30ರಂದು ತೀರ್ಪು ಬಂತು: ವಸ್ತುವನ್ನು ಮಾರಿದ ಕ್ಷಣಕ್ಕೇ ಅದರ ಮೇಲಿನ ಪೇಟೆಂಟ್ ಹಕ್ಕು ತೀರಿತು, ಷರತ್ತು ಏನೇ ಇರಲಿ. ಖಾಲಿಯಾದದ್ದು ಕಾರ್ಟ್ರಿಜ್ ಅಲ್ಲ, ಕಂಪನಿಯ ಹಕ್ಕು ಎಂದು ವಕೀಲರ ಗುಮಾಸ್ತರಿಗೆ ನಾನು ವಿವರಿಸಿದ್ದುಂಟು.

ಗುರುಗಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ಒಡೆತನ ಎಂಬುದು ಏನು ಎಂದು ಸುಮಾರು ಹದಿನಾರನೆಯ ಶತಮಾನದಲ್ಲೇ ನವದ್ವೀಪದ ರಘುನಾಥ ಶಿರೋಮಣಿ ಕೇಳಿದ್ದ. ಅದು ದ್ರವ್ಯವಲ್ಲ, ಗುಣವಲ್ಲ, ಹಳೆಯ ಪಟ್ಟಿಯ ಯಾವುದರಲ್ಲೂ ಅಡಗುವುದಿಲ್ಲ. ಸ್ವತ್ವವೆಂಬುದು ಬೇರೆಯೇ ಪದಾರ್ಥ ಎಂದು ಅವನು ವಾದಿಸಿದ. ಕೊಂಡಾಗ, ದಾನ ಪಡೆದಾಗ ಹುಟ್ಟುತ್ತದೆ. ಮಾರಿದಾಗ, ಕೊಟ್ಟಾಗ ನಾಶವಾಗುತ್ತದೆ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನ ಮನೆಯ ಪ್ರಿಂಟರ್ ಮಾತ್ರ ರಘುನಾಥನನ್ನೂ ಕಂಗೆಡಿಸುವಂಥದ್ದು. ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟುತ್ತಾನೆ, ಇಂಕಿಗಲ್ಲ, ಪುಟಗಳಿಗೆ. ಕಾರ್ಟ್ರಿಜ್ ಅಂಚೆಯಲ್ಲಿ ತಾನಾಗಿ ಬರುತ್ತದೆ. ಚಂದಾ ನಿಲ್ಲಿಸಿದ, ಮಾರನೆಯ ತಿಂಗಳು ಯಂತ್ರ ಪ್ರಿಂಟ್ ಕೊಡಲಿಲ್ಲ. ಕಾರ್ಟ್ರಿಜ್ ಅಲ್ಲೇ ಇದೆ, ಅಲ್ಲಾಡಿಸಿದರೆ ಭಾರವೂ ಇದೆ.

“ಇಂಕು ಇದೆ, ಸ್ವತ್ವ ಇಲ್ಲ. ಸ್ವತ್ವದ ಅಭಾವ ಅದು, ಇಂಕಿನದಲ್ಲ” ಎಂದರು ಗುರುಗಳು.

“ಯಾವ ಅಭಾವ? ಚಂದಾ ಕಟ್ಟುವಾಗ ಇದ್ದು ಈಗ ನಾಶವಾಯಿತೋ, ಮೊದಲಿಂದಲೂ ಇರಲೇ ಇಲ್ವೋ?”

“ಅವನು ಇಂಕು ಕೊಂಡೇ ಇಲ್ಲ ಅಂತೀಯಲ್ಲ. ಹಾಗಾದ್ರೆ ಪ್ರಧ್ವಂಸ ಹೇಗೆ? ಹುಟ್ಟದೇ ಇದ್ದದ್ದು ನಾಶವಾಗೋದಿಲ್ಲ.”

“ಹಾಗಿದ್ರೆ ಇಷ್ಟು ದಿನ ಯಾರ ಇಂಕಿನಲ್ಲಿ ಅವನು ಮಗಳ ಶಾಲೆಯ ಹೋಂವರ್ಕ್ ಪ್ರಿಂಟ್ ಹಾಕಿದ?”

ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡು, ಈ ವಿಷಯಕ್ಕೆ ಮನೆಗೆ ಹೋಗಿ ಪುಸ್ತಕ ನೋಡಬೇಕು ಎಂದರು. ಆ ರಾತ್ರಿ ಅಕ್ಕನ ಮಗನಿಗೆ ಫೋನ್ ಮಾಡಿ, ಹೊಸ ಪ್ರಿಂಟರ್ ಕೊಂಡರೂ ಪರವಾಗಿಲ್ಲ, ಆ ಕಾರ್ಟ್ರಿಜ್ ಮಾತ್ರ ಕಸಕ್ಕೆ ಹಾಕಬೇಡ, ದೀಪಾವಳಿಗೆ ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಾ, ತೂಗಿ ನೋಡೋಣ ಎಂದೆ.